ಹುರಿದ ಮಣ್ಣು

೩ ಜುಲೈ ೧೯೮೪, ಮಂಗಳವಾರ. ರಾಯಚೂರು

ಹೊಸ ನೋಟ್‌ಬುಕ್ಕಿನ ಮೊದಲ ಪುಟವನ್ನೇ ಹರಿದು ಎಸೆಯಬೇಕಾಯಿತು. ಮಾಲಿ ಶಾಮೀದಸಾಬ ಎತ್ತಿ ಕೊಡುವಾಗ ಮೂಲೆಗೆ ಬೆರಳು ತಾಗಿಸಿದ್ದಾನೆ. ಮಣ್ಣಿನ ಗುರುತು ಬಿದ್ದ ಪುಟದ ಮೇಲೆ ನನ್ನಿಂದ ಬರೆಯಲಾಗುವುದಿಲ್ಲ.

ನನಗೆ ಮಣ್ಣು ಕಂಡರೆ ಆಗದು, ಆದರೆ ಸಿಕ್ಕ ನೌಕರಿ ನರ್ಸರಿಯಲ್ಲಿ. ದೇವರಿಗೆ ಕುಚೇಷ್ಟೆ ಜಾಸ್ತಿ. ಮಾನ್ವಿ ರಸ್ತೆಯ ಈ ಸರಕಾರಿ ನರ್ಸರಿಗೆ ಕ್ಷೇತ್ರ ಸಹಾಯಕಿಯಾಗಿ ಬಂದು ಹನ್ನೊಂದು ವರ್ಷವಾಯಿತು. ದಿನಕ್ಕೆ ಎಂಟು ಸಲ ಕೈ ತೊಳೆಯುತ್ತೇನೆ, ಉಗುರಿನ ಸಂದಿಗೆ ಬೇವಿನ ಕಡ್ಡಿ ಹಾಕುತ್ತೇನೆ. ನಗುವವರು ನಗಲಿ. ನಮ್ಮೂರು ಮಸರಕಲ್‌ನ ಶಾಲೆಯಲ್ಲಿ ಮಾಸ್ತರರು ಎಲ್ಲ ಮಕ್ಕಳ ಕೈ ಹಿಡಿದು ಉಗುರು ನೋಡುತ್ತಿದ್ದರು, ನನ್ನ ಕೈಯನ್ನು ಮಾತ್ರ ದೂರ ನಿಂತು ಬೆತ್ತದ ತುದಿಯಿಂದ ತಿರುಗಿಸಿ ನೋಡುತ್ತಿದ್ದರು. ಅವ್ವ ಕಂಡವರ ತೋಟದಲ್ಲಿ ಕಳೆ ತೆಗೆದು ನನ್ನನ್ನು ಮ್ಯಾಟ್ರಿಕ್ ಮಾಡಿಸಿದಳು. ಆ ಬೆತ್ತವನ್ನು ಇನ್ನೂ ಮರೆತಿಲ್ಲ.

ಇವತ್ತು ಖುಷಿಯ ದಿನ. ಮೋಸಂಬಿಗೆ ಕಸಿ ಕಟ್ಟಲೆಂದು ನಾವು ಮೊದಲು ಜಂಬೇರಿ ನಿಂಬೆಯ ಸಸಿ ಬೆಳೆಸುತ್ತೇವೆ. ಕಳೆದ ವರ್ಷ ಅವುಗಳಲ್ಲಿ ಮುಕ್ಕಾಲು ಪಾಲು ಬುಡ ಕೊಳೆತು ಸತ್ತವು. ಮಣ್ಣಿನೊಳಗಿನ ರೋಗ ಸಾಯಬೇಕಾದರೆ ಮಣ್ಣನ್ನೇ ಕಾಯಿಸಬೇಕು ಎಂದು ಒಂದು ಪುಸ್ತಿಕೆಯಲ್ಲಿ ಓದಿ ನರ್ಸರಿಯ ಸಾಹೇಬರಿಗೆ ಹೇಳಿದ್ದೆ, ಒಪ್ಪಿದರು. ಡಾಂಬರಿನ ಡ್ರಮ್ಮು ಸೀಳಿ ತಗಡು ಮಾಡಿ, ಕೆಳಗೆ ಜಾಲಿ ಕಟ್ಟಿಗೆಯ ಉರಿ ಹಾಕಿ, ಬೆಳಗಿನಿಂದ ಸಂಜೆಯವರೆಗೆ ಮಣ್ಣು ಹುರಿದೆವು.

ಶಾಮೀದಸಾಬ ಸಲಿಕೆ ಆಡಿಸುತ್ತ ಕೇಳಿದ: "ಗೋಪಮ್ಮ, ಶೇಂಗಾ ಹುರದ್ರ ತಿನ್ನಾಕ ಬರ್ತದ, ಬಿತ್ತಾಕ ಬರಾಂಗಿಲ್ಲ. ಮಣ್ಣು ಹುರದ್ರ ಏನ್ ಉಳೀತದ?"

"ಸ್ವಚ್ಛ ಮಣ್ಣು ಉಳೀತದ," ಎಂದೆ.

ಅವನು ಇಲ್ಲಿ ಹದಿನೆಂಟು ವರ್ಷದಿಂದ ದಿನಗೂಲಿ ಮಾಲಿ. ಬರುವ ಮಾರ್ಚಿನಲ್ಲಿ ಕಾಯಂ ಮಾಡುತ್ತಾರಂತೆ, ಅದೊಂದೇ ಜಪ ಅವನಿಗೆ. ನಮ್ಮ ಮಸರಕಲ್‌ನವನೇ, ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವನು. ಮೊದಲು ಕಾಕಾ ಅನ್ನುತ್ತಿದ್ದೆ. ನೌಕರಿಗೆ ಸೇರಿದ ಮೇಲೆ ಬಿಟ್ಟೆ. ಕಚೇರಿಯೊಳಗೆ ಕಾಕಾ ಮಾಮಾ ಶೋಭಿಸುವುದಿಲ್ಲ.

೨೮ ಜುಲೈ, ಶನಿವಾರ

ಬೀಜ ಎಲ್ಲ ಮೊಳೆತಿವೆ. ಒಂದೂ ಕೊಳೆತಿಲ್ಲ! ಸಾಹೇಬರು ಎಲ್ಲರೆದುರು "ಗೋಪಮ್ಮನ ಕಡಿಂದ ಕಲೀರಿ" ಅಂದರು. ಸ್ಟೋರ್ ಕೀಪರ್ ದೊಡ್ಡಪ್ಪನ ಮುಖ ಹುಳ್ಳಗಾಯಿತು. ನನಗೆ ಅದರಿಂದ ಇನ್ನಷ್ಟು ಖುಷಿಯಾಯಿತು, ಸುಳ್ಳೇಕೆ ಬರೆಯಲಿ.

ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳದು ಒಂದೇ ಪ್ರಶ್ನೆ. "ಉಡಿ ತುಂಬೀರೇನು?"

ಮಸರಕಲ್ ತೋಟಗಳಲ್ಲಿ ಹಾಗೊಂದು ರೂಢಿಯಿದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುವ ಹಾಗೆ, ನಿಂಬೆ ಮೋಸಂಬಿಯ ಸಸಿಯನ್ನು ಹೊಸ ಜಾಗಕ್ಕೆ ಇಡುವಾಗ ಹಳೆಯ ಮರದ ಬುಡದಿಂದ ಒಂದು ಹಿಡಿ ಮಣ್ಣು ತಂದು ಅದರ ಬೇರಿಗೆ ಹಾಕುತ್ತಾರೆ. ಅಮೀರ್ ಸಾಬರ ತೋಟದಲ್ಲಿ ಅವರ ಅಜ್ಜನ ಕಾಲದ ಒಂದು ಮರವಿದೆ. ಅದರ ಬುಡದ ಮಣ್ಣೇ ಆಗಬೇಕು, ಹಾಕುವವರು ಯಾರಾದರೂ ಸರಿ. ಅವ್ವನೂ ಹಾಕಿದ್ದಾಳೆ, ಶಾಮೀದಸಾಬನೂ ಹಾಕಿದ್ದಾನೆ.

"ಹಳೇ ಮಣ್ಣಾಗ ಹಳೇ ರೋಗ ಇರ್ತದವ್ವ. ಅದಕ್ಕ ಹುರದೀವಿ," ಎಂದೆ.

"ಬರೇ ಕೈಲೆ ಕಳಸಿದ ಹೆಣ್ಣು ಬಾಳ್ವಿ ಮಾಡ್ತಾಳೇನು?" ಎಂದಳು. ಅವಳಿಗೆ ವಿಜ್ಞಾನ ಹೇಳುವುದೂ ಒಂದೇ, ಬಂಡೆಗೆ ನೀರು ಹಾಕುವುದೂ ಒಂದೇ.

೯ ಅಕ್ಟೋಬರ್, ಮಂಗಳವಾರ

ಸಸಿಗಳನ್ನು ಚೀಲಕ್ಕೆ ಕಿತ್ತಿಟ್ಟು ಒಂದು ತಿಂಗಳಾಯಿತು. ಸಾವಿರದ ಇನ್ನೂರು ಚೀಲ, ಎಲ್ಲದರಲ್ಲೂ ಹುರಿದ ಮಣ್ಣು. ಕೊಟ್ಟಿಗೆ ಗೊಬ್ಬರವನ್ನೂ ಹುರಿದೇ ಹಾಕಿಸಿದೆ. ಶಾಮೀದಸಾಬ ಆ ದಿನ ಟವೆಲಿನಲ್ಲಿ ಏನೋ ಗಂಟು ಕಟ್ಟಿಕೊಂಡು ಬಂದು "ಒಂದೊಂದು ಚಿಟಿಕಿ ಹಾಕ್ಲೇನು" ಎಂದು ಕೇಳಿದ್ದ. ಮಸರಕಲ್ ಮಣ್ಣು. ಗೇಟಿನ ಹೊರಗೆ ಚೆಲ್ಲಿ ಕೈ ತೊಳೆದುಕೊಂಡು ಬಾ ಎಂದು ಕಳಿಸಿದ್ದೆ.

ಸಸಿಗಳು ಗೇಣುದ್ದ ಬಂದು ಅಲ್ಲಿಗೇ ನಿಂತುಬಿಟ್ಟಿವೆ. ಚಳಿ ಬರುತ್ತಿದೆಯಲ್ಲ, ಅದಕ್ಕೇ ಇರಬೇಕು.

೪ ನವೆಂಬರ್, ಭಾನುವಾರ

ದಿಲ್ಲಿಯಲ್ಲಿ ಪ್ರಧಾನಿಯನ್ನು ಕೊಂದ ಸುದ್ದಿ ಬಂದಂದಿನಿಂದ ಬಜಾರು ಬಂದ್, ಬಸ್ಸಿಲ್ಲ, ಕಚೇರಿಯಿಲ್ಲ. ಸಸಿಗಳಿಗೆ ನೀರು ಹಾಕುವವರು ಯಾರು ಎಂದು ಒದ್ದಾಡಿ ಇವತ್ತು ನಡೆದುಕೊಂಡೇ ಹೋದೆ. ಶಾಮೀದಸಾಬ ನಾಲ್ಕು ದಿನದಿಂದ ಅಲ್ಲೇ ಇದ್ದಾನೆ. ಪಂಪಿನ ಕೋಣೆಯಲ್ಲಿ ಮಲಗಿ, ಚುರುಮುರಿ ತಿಂದುಕೊಂಡು, ಎರಡು ಹೊತ್ತು ನೀರು ಹಾಕಿದ್ದಾನೆ.

ಆದರೂ ಬೆಳೆಯುತ್ತಿಲ್ಲ. ಗೇಣುದ್ದವೇ. ಎಲೆ ಬಿಳಿಚಿಕೊಂಡಿವೆ. ಯೂರಿಯಾ ನೀರು ಕೊಟ್ಟರೆ ಎರಡು ದಿನ ಹಸಿರಾಗಿ ಮತ್ತೆ ಅದೇ ರಾಗ. ಸಾಯುವುದೂ ಇಲ್ಲ. ಸತ್ತಿದ್ದರೆ ರೋಗ ಎನ್ನಬಹುದಿತ್ತು.

೧೧ ಡಿಸೆಂಬರ್, ಮಂಗಳವಾರ

ಸಿಕ್ಕಿತು!

ಹಿಂದಿನ ಗೋಡೆಯ ಪಕ್ಕದ ಕೊನೆಯ ಸಾಲು. ಅಲ್ಲಿ ಕಳೆ ಬಹಳ ಎಂದು ನಾನು ಹೋಗುವುದು ಕಡಿಮೆ. ಇವತ್ತು ಹೋಗಿ ನೋಡಿದರೆ ಇಪ್ಪತ್ತಾರು ಸಸಿಗಳು ಮೊಣಕಾಲುದ್ದ ನಿಂತಿವೆ, ಕಡುಹಸಿರು, ಎಲೆ ಅಂಗೈಯಗಲ. ಪಕ್ಕದ ಸಾಲಿನವು ಗೇಣುದ್ದ. ಅದೇ ಬೀಜ, ಅದೇ ಮಣ್ಣು, ಅದೇ ನೀರು.

ನೇರ ಸ್ಟೋರಿಗೆ ಹೋದೆ. ಕಸಿಯ ಕಾಲಕ್ಕೆಂದು ಇಟ್ಟಿದ್ದ ಡಿಎಪಿ ಗೊಬ್ಬರದ ಚೀಲದ ಬಾಯಿ ಬಿಚ್ಚಿತ್ತು, ಅರ್ಧ ಖಾಲಿ. ದೊಡ್ಡಪ್ಪನನ್ನು ಕೇಳಿದರೆ "ನಂಗೇನ್ ಗೊತ್ರೀ, ಕೀಲಿ ಮಾಲಿ ಕೈಯಾಗೂ ಇರ್ತದ" ಎಂದ.

ಸಾವಿರದ ಇನ್ನೂರರಲ್ಲಿ ಇಪ್ಪತ್ತಾರನ್ನು ಮಾತ್ರ ಸಾಕಿದ್ದಾನೆ. ತನಗೆಂದು, ಮಾರಿಕೊಳ್ಳಲು. ನನ್ನ ಸಸಿಗಳು ಉಪವಾಸ ಬಿದ್ದಿವೆ, ಇವನು ಕಳ್ಳಗೊಬ್ಬರ ಹಾಕಿ ತನ್ನವನ್ನು ಬೆಳೆಸಿದ್ದಾನೆ. ಸಿಟ್ಟಿನಿಂದ ಅನ್ನ ಸೇರಲಿಲ್ಲ.

೧೩ ಡಿಸೆಂಬರ್, ಗುರುವಾರ

ಸಾಹೇಬರು ಹೇಳಿಕೆ ಬರೆದುಕೊಳ್ಳಲು ನನಗೇ ಹೇಳಿದರು. ಶಾಮೀದಸಾಬನನ್ನು ಎದುರಿಗೆ ನಿಲ್ಲಿಸಿ ಕೇಳಿದೆ.

"ಆ ಸಾಲಿಗೆ ಏನರ ಹಾಕಿದ್ದು ಖರೇನೋ ಸುಳ್ಳೋ?"

"ಖರೇ. ಹಾಕೀನಿ."

"ಏನ್ ಹಾಕಿದಿ?"

"ಉಡಿ ತುಂಬೀನಿ. ಮಸರಕಲ್ ಗಿಡದ ಬುಡದ್ದು, ಒಂದೊಂದು ಹಿಡಿ. ನೀ ಚೆಲ್ಲಂದಿ. ಗೋಡಿ ಬಾಜೂಕ ನಿಂತು ಚೆಲ್ಲಾಕ ಹ್ವಾದೆ, ಮನಸು ಒಪ್ಪಲಿಲ್ಲ. ಅಲ್ಲಿದ್ದ ಸಸಿಗೆ ಹಾಕಿದೆ."

ಯಾರ ಕಿವಿಗೆ ಹೂವಿಡುತ್ತಾನೆ? ಒಂದು ಹಿಡಿ ಮಣ್ಣಿಗೆ ಸಸಿ ಮೊಣಕಾಲುದ್ದ ಬರುತ್ತದೆಯೇ? ಅಲ್ಲದೆ ಸರಕಾರಿ ಕಾಗದದಲ್ಲಿ ಉಡಿ ತುಂಬಿದ್ದೇನೆ ಎಂದು ಬರೆಯಲು ಬರುತ್ತದೆಯೇ? ಓದಿದವರು ನನ್ನನ್ನೇ ನೋಡಿ ನಗುತ್ತಾರೆ, ಎಲ್ಲಿಂದ ಬಂದವಳು ಎನ್ನುತ್ತಾರೆ. ಆದ್ದರಿಂದ ಅವನ ಮಾತಿನ ಅರ್ಥ ಇಷ್ಟೇ ಎಂದುಕೊಂಡು ಹೀಗೆ ಬರೆದೆ: "ನಾನು ಅನುಮತಿಯಿಲ್ಲದೆ ಇಪ್ಪತ್ತಾರು ಸಸಿಗಳಿಗೆ ಗೊಬ್ಬರ ಹಾಕಿರುತ್ತೇನೆ."

ಓದಿ ಹೇಳಲೇ ಎಂದೆ. "ಬ್ಯಾಡ ಬೇಟಿ, ದುರುಗವ್ವನ ಮಗಳು ಬರದಾಳಂದ್ರ ಸರೀನ ಇರ್ತದ," ಎಂದು ಹೆಬ್ಬೆಟ್ಟು ಒತ್ತಿದ.

ಸಾಕ್ಷಿಗೆ ಬೇಕೆಂದು ಆ ಇಪ್ಪತ್ತಾರು ಸಸಿಗಳನ್ನು ನಾನೇ ಕಿತ್ತು, ಕಟ್ಟಿ, ಚೀಟಿ ಅಂಟಿಸಿ ಸ್ಟೋರಿನಲ್ಲಿಟ್ಟೆ. ಬೇರು ಬಹಳ ದಟ್ಟ. ಕೀಳುವಾಗ ಕೈ ಕೆಂಪಾಯಿತು.

೧೪ ಡಿಸೆಂಬರ್, ಶುಕ್ರವಾರ

ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಿದಳು. ಮತ್ತೆ ಬಡಿದಳು. ಮಾತಿಲ್ಲ.

೨೨ ಜನವರಿ ೧೯೮೫, ಮಂಗಳವಾರ

ಅವನನ್ನು ತೆಗೆದು ಹಾಕಿ ಹತ್ತು ದಿನವಾಯಿತು. ಹದಿನೆಂಟು ವರ್ಷದ ದಿನಗೂಲಿಯನ್ನು ತೆಗೆಯಲು ಒಂದೂವರೆ ಸಾಲಿನ ಆದೇಶ ಸಾಕಾಯಿತು. ಹೋಗುವಾಗ ಸಲಿಕೆ, ಕುಡಗೋಲು, ಕಸಿ ಚಾಕು ಎಲ್ಲ ತೊಳೆದು ಒರೆಸಿ ನನ್ನ ಮೇಜಿನ ಮೇಲಿಟ್ಟು ಹೋದ. ಹೊಸ ಮಾಲಿ ಮೀರಾಹುಸೇನ ಬಂದಿದ್ದಾನೆ, ಕೆಲಸಗಾರನೇ.

ಅವ್ವ ಇನ್ನೂ ಮಾತಾಡುತ್ತಿಲ್ಲ. ತಾಟು ಮುಂದಿಡುತ್ತಾಳೆ, ನೀರು ಕಾಯಿಸುತ್ತಾಳೆ. ಅಷ್ಟೇ. ಸಂಜೆ ಮನೆಗೆ ಹೋಗುವುದೆಂದರೆ ಬೇಜಾರು.

ಇವತ್ತು ಚಹಾ ಕುಡಿಯುವಾಗ ದೊಡ್ಡಪ್ಪ ನಗುತ್ತ ಒಂದು ಮಾತು ಆಡಿದ. "ಗೊಬ್ಬರದ ಚೀಲದ ಸಲುವಾಗಿ ಎಷ್ಟು ಗದ್ದಲ ಮಾಡಿದ್ರಿ ನೀವು. ಅದು ಸಾಹೇಬ್ರ ಮನಿ ಗುಲಾಬಿ ಗಿಡಕ್ಕ ಹೋಗಿತ್ರಿ. ಅವತ್ತ ಹ್ಯಾಂಗ ಹೇಳ್ಲಿ ನಾನು?"

ಲೋಟ ಕೆಳಗಿಟ್ಟೆ. ಹಾಗಾದರೆ ಆ ಸಸಿಗಳಿಗೆ ಹಾಕಿದ್ದು ಏನು?

ಏನೋ ಹಾಕಿರಬೇಕು. ಬೇರೆ ಕಡೆಯಿಂದ ತಂದ ಗೊಬ್ಬರ.

೧೪ ಫೆಬ್ರವರಿ, ಗುರುವಾರ

ಸಾವಿರದ ನೂರ ಎಪ್ಪತ್ತನಾಲ್ಕು ಸಸಿಗಳು ಹಾಗೇ ನಿಂತಿವೆ ಎಂದು ಸಾಹೇಬರು ಕೃಷಿ ಕಾಲೇಜಿನ ಒಬ್ಬ ಮೇಷ್ಟರನ್ನು ಕರೆಸಿದ್ದರು. ವಯಸ್ಸಾದವರು, ಮೈಸೂರು ಕಡೆಯವರು. ಸಸಿಯೊಂದನ್ನು ಕಿತ್ತು ಬೇರು ನೋಡಿದರು. "ಚೆನ್ನಾಗಿ ಬೆಳೆದದ್ದು ಒಂದಾದರೂ ಇದೆಯೇನಮ್ಮ?" ಎಂದು ಕೇಳಿದರು. ಸ್ಟೋರಿನಿಂದ ಒಣಗಿದ ಕಟ್ಟು ತಂದುಕೊಟ್ಟೆ.

ಕಾಲೇಜಿಗೆ ನನ್ನನ್ನೂ ಕರೆದೊಯ್ದರು. ಎರಡೂ ಬಗೆಯ ಸಸಿಗಳ ಬೇರಿನ ಎಳೆಗಳನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಿ, ತೊಳೆದು, ನೀಲಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೊದಲು ನಮ್ಮ ಗೇಣುದ್ದದ ಸಸಿಯದು. ಖಾಲಿ. ಗುಡಿಸಿ ಸಾರಿಸಿ ಯಾರೂ ವಾಸ ಮಾಡದ ಮನೆಯ ಹಾಗೆ ಚೊಕ್ಕ. ಆಮೇಲೆ ಆ ಇಪ್ಪತ್ತಾರರದು. ಬೇರಿನ ಒಳಗೆಲ್ಲ ನೀಲಿ ನೂಲು, ನಡುನಡುವೆ ಗುಳ್ಳೆಗಳು. ತುಂಬಿದ ಮನೆ.

"ಇವು ಬೂಷ್ಟಿನ ಜಾತಿ ಕಣಮ್ಮ, ಆದರೆ ಒಳ್ಳೆಯವು," ಎಂದರು. "ಬೇರಿಗೆ ಎಟುಕದ ಜಾಗಕ್ಕೆ ಹೋಗಿ ರಂಜಕವೆಂಬ ಸಾರ ತಂದು ಕೊಡುತ್ತವೆ. ಗಿಡ ಬದಲಿಗೆ ಸಿಹಿ ಕೊಡುತ್ತದೆ. ನಿಂಬೆ ಜಾತಿಯ ಸಸಿ ಇವಿಲ್ಲದೆ ಏಳುವುದೇ ಕಷ್ಟ. ಹಳೆಯ ಮರದ ಬುಡದಲ್ಲಿ ಬೇಕಾದಷ್ಟಿರುತ್ತವೆ. ನಿಮ್ಮ ಮಣ್ಣಿನಲ್ಲಿ ಒಂದೂ ಇಲ್ಲವಲ್ಲ, ಏನು ಮಾಡಿದಿರಿ?"

"ಹುರಿದೆವು," ಎಂದೆ.

"ರೋಗದ ಜೊತೆ ಇವೂ ಸತ್ತವು. ಈ ಇಪ್ಪತ್ತಾರಕ್ಕೆ ಹಳೆಯ ತೋಟದ ಮಣ್ಣು ಹಾಕಿದವರು ಯಾರೋ ತಿಳಿದವರು. ಅವರನ್ನು ಬಿಡಬೇಡಿ."

೧೫ ಫೆಬ್ರವರಿ, ಶುಕ್ರವಾರ

ಅವನು ಹೇಳಿದ್ದು ನಿಜ. ನಾನು ಬರೆದದ್ದು ಸುಳ್ಳು.

೧೮ ಫೆಬ್ರವರಿ, ಸೋಮವಾರ

ಸಾಹೇಬರಿಗೆ ಎಲ್ಲ ಹೇಳಿದೆ. ಗುಲಾಬಿ ಗಿಡದ ಮಾತು ಬಂದಾಗ ಕಿಟಕಿಯ ಕಡೆ ನೋಡಿದರು.

"ಗೋಪಮ್ಮಾರ, ಆ ಫೈಲ್ ಮುಚ್ಚೇದ. ಈಗ ನೀವು ಬರದು ಕೊಟ್ರ, ಸಾವಿರ ಸಸಿ ಹಾಳು ಮಾಡಿದವ್ರು ಯಾರು ಅಂತ ಮ್ಯಾಲಿಂದ ಕೇಳ್ತಾರ. ಮಣ್ಣು ಹುರೀರಿ ಅಂದವ್ರು ಯಾರು? ನೀವು. ಸುಮ್ನ ಇರ್ರಿ."

ಸುಮ್ಮನೆ ಹೊರಗೆ ಬಂದೆ. ನಿಜ ಹೇಳಬೇಕೆಂದರೆ, ಅವರು ಹಾಗೆ ಅಂದದ್ದು ನನಗೆ ಹಗುರವೆನಿಸಿತು. ಅದನ್ನೇ ನೆನೆದು ಈಗ ನಾಚಿಕೆ.

೩ ಮಾರ್ಚ್, ಭಾನುವಾರ

ಮಸರಕಲ್‌ಗೆ ಹೋಗಿದ್ದೆ. ಅವ್ವನನ್ನು ಬಾ ಎಂದರೆ ಬೇರೆ ಕಡೆ ಮುಖ ತಿರುಗಿಸಿದಳು, ಒಬ್ಬಳೇ ಹೋದೆ.

ಕಾಕಾ ಮನೆಯಲ್ಲಿರಲಿಲ್ಲ. ಕವಿತಾಳದಲ್ಲಿ ಲಾರಿಗೆ ಚೀಲ ಹೊರುತ್ತಿದ್ದಾನಂತೆ, ಐವತ್ತು ದಾಟಿದ ಬೆನ್ನಿನ ಮೇಲೆ. ಅವನ ಹೆಂಡತಿ ಮುನವ್ವರ್ ಬೀ ಬಾಗಿಲಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಊರಾಗ ಗೊಬ್ಬರಗಳ್ಳ ಅಂತಾರ ಬೇಟಿ," ಎಂದಳು. "ಅಮೀರ್ ಸಾಬ್ರು ತ್ವಾಟಕ್ಕ ಕಾಲಿಡಬ್ಯಾಡ ಅಂದಾರ. ಹುಟ್ಟಿದಾಗಿಂದ ಆಡಿದ ತ್ವಾಟ. ಈಗ ಬೇಲಿ ಹೊರಗ ನಿಂತು ಆ ಗಿಡ ನೋಡಿ ಬರ್ತಾನ. ಆ ಕಾಗದದಾಗ ಏನ್ ಬರದಿದ್ದಿ ನೀ?"

ಬಸ್ಸಿನ ಕಡೆ ನಡೆದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಮಾನ ಹೋದದ್ದು ಒಂದು ಹಿಡಿ ಮಣ್ಣಿಗೆ. ಬಸ್ಸಿನಲ್ಲಿ ಅಳು ಬಂತು, ಸೆರಗು ಮುಚ್ಚಿಕೊಂಡು ಕೂತೆ.

೨೧ ಮಾರ್ಚ್, ಗುರುವಾರ

ಕಾಯಂ ಆದವರ ಪಟ್ಟಿ ಬಂತು. ಏಳು ಹೆಸರು. ಎಂಟನೆಯದು ಇರಬೇಕಾಗಿತ್ತು.

೩೦ ಮಾರ್ಚ್, ಶನಿವಾರ

ನಡೆದದ್ದನ್ನೆಲ್ಲ ಬರೆದೆ. ಹರಿದೆ. ನೌಕರಿ ಹೋದರೆ ಅವ್ವನನ್ನು ಮತ್ತೆ ಕಳೆ ತೆಗೆಯಲು ಕಳಿಸಲೇ? ನಾನೇ ಹೋಗಲೇ? ಹೆದರಿಕೆ. ಬೇರೆ ಹೆಸರಿಟ್ಟು ಕರೆಯುವುದು ಬೇಡ.

೯ ಏಪ್ರಿಲ್, ಮಂಗಳವಾರ

ಕೊಟ್ಟೆ. ಮೂರು ಪುಟ. ಸಾಹೇಬರು ಕೈಗೆ ತೆಗೆದುಕೊಳ್ಳಲಿಲ್ಲ, ಟಪಾಲಿನವರ ಮುಂದಿಟ್ಟು ಮೊಹರು ಹಾಕಿಸಿಕೊಂಡೆ. ಜಿಲ್ಲಾ ಕಚೇರಿಗೊಂದು ಪ್ರತಿ. ಅದರಲ್ಲಿ ಉಡಿ ತುಂಬುವುದು ಎಂದರೆ ಏನು ಎಂದು ಇಡೀ ಅರ್ಧ ಪುಟ ಬರೆದಿದ್ದೇನೆ. ನಗುವವರು ನಗಲಿ.

ಮನೆಗೆ ಬಂದು ಪ್ರತಿಯನ್ನು ಅವ್ವನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದಳು. ಒಲೆಯ ಕಡೆ ತಿರುಗಿ, "ಉಣ್ಣು ಬಾ," ಎಂದಳು. ಸುಮಾರು ನಾಲ್ಕು ತಿಂಗಳ ಮೇಲೆ.

೨೬ ಏಪ್ರಿಲ್, ಶುಕ್ರವಾರ

ಉತ್ತರ ಬಂತು. ದಿನಗೂಲಿ ಮಾಲಿಯ ಜಾಗ ಭರ್ತಿಯಾಗಿರುವುದರಿಂದ ಆ ವಿಷಯದಲ್ಲಿ ಕ್ರಮದ ಅಗತ್ಯವಿಲ್ಲವಂತೆ. ಸಸಿಗಳ ನಷ್ಟಕ್ಕೆ ನನಗೆ ಎಚ್ಚರಿಕೆ, ಜೂನ್ ಹದಿನೇಳರಿಂದ ಮಾನ್ವಿಯ ಕಚೇರಿಗೆ ವರ್ಗ. ಅಲ್ಲಿ ಟಪಾಲು ಬರೆಯುವ ಕೆಲಸ. ಮಣ್ಣು ಮುಟ್ಟುವ ಹಾಗಿಲ್ಲ, ಕುರ್ಚಿ, ಮೇಜು, ತಲೆಯ ಮೇಲೆ ಫ್ಯಾನು. ಹನ್ನೊಂದು ವರ್ಷ ಬೇಡಿಕೊಂಡದ್ದು ಈಗ ಶಿಕ್ಷೆಯಾಗಿ ಸಿಕ್ಕಿದೆ. ನಗು ಬರಬೇಕಿತ್ತು, ಬರಲಿಲ್ಲ.

೫ ಮೇ, ಭಾನುವಾರ

ಅವ್ವನೇ ಎಬ್ಬಿಸಿದಳು. "ಆ ಕಾಗದ ತಗೋ. ಸರಕಾರಕ್ಕ ಓದಿ ಹೇಳಿದಿ, ನಂಗ ಹೇಳಿದಿ. ಯಾರ ಮುಂದ ಹೇಳಬೇಕಾಗಿತ್ತು ಅವ್ರಿಗೆ ಹೇಳಿಲ್ಲ."

ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಮಸರಕಲ್‌ನಲ್ಲಿ ಇಳಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಹೋಟೆಲಿನ ಎದುರಿನ ಬೇವಿನ ಕಟ್ಟೆಯ ಮೇಲೆ ಅಮೀರ್ ಸಾಬರೂ ಎಂಟು ಹತ್ತು ಜನರೂ ಕೂತಿದ್ದರು. ಚಿಕ್ಕಂದಿನಲ್ಲಿ ಆ ಕಟ್ಟೆಯ ನೆರಳಿನಲ್ಲಿ ನಾವು ನಿಲ್ಲುವಂತಿರಲಿಲ್ಲ. ನಿಂತೆ. ಅವ್ವ ಕಾಕಾನ ಮನೆಗೆ ಹೋಗಿ ಇಬ್ಬರನ್ನೂ ಕರೆತಂದಳು.

ಕಾಕಾ ಬಂದರು. ಹೆಗಲ ಚರ್ಮ ಚೀಲ ಹೊತ್ತು ಸುಲಿದಿದೆ. ನನ್ನ ಕೈಯಲ್ಲಿ ಕಾಗದ ನೋಡಿದರು. ಹತ್ತಿರ ಬಂದು ಬಲಗೈ ಮುಂದೆ ಚಾಚಿ, "ಎಲ್ಲಿ ಒತ್ತಬೇಕು?" ಎಂದು ಕೇಳಿದರು.

ಕಾಗದವನ್ನು ಹಿಂದಕ್ಕೆ ಎಳೆದುಕೊಂಡೆ.

"ಇದಕ್ಕ ನಿಮ್ಮ ಹೆಬ್ಬೆಟ್ಟು ಬ್ಯಾಡ ಕಾಕಾ. ಇದು ನನ್ನ ಕಾಗದ. ಓದ್ತೀನಿ, ಕೇಳ್ರಿ."

ನಿಂತು ಓದಿದೆ. ಮಣ್ಣು ಹುರಿದದ್ದು, ಉಡಿ ತುಂಬಿದೆ ಎಂದು ಅವರು ಹೇಳಿದ್ದು, ನಾಚಿಕೆಯಿಂದ ನಾನು ಅದನ್ನು ಗೊಬ್ಬರ ಎಂದು ಬರೆದದ್ದು, ಓದಿ ಹೇಳದೆಯೇ ಹೆಬ್ಬೆಟ್ಟು ಒತ್ತಿಸಿಕೊಂಡದ್ದು. ಗೊಬ್ಬರ ಯಾರ ಮನೆಗೆ ಹೋಗಿತ್ತೆಂಬುದನ್ನೂ ಓದಿದೆ. ಕಾಲೇಜಿನ ಮೇಷ್ಟರು ಆಡಿದ ಮಾತನ್ನು ಕೊನೆಗೆ ಬರೆದಿದ್ದೆ, "ಹಾಕಿದವರು ತಿಳಿದವರು, ಅವರನ್ನು ಬಿಡಬೇಡಿ." ಆ ಸಾಲನ್ನು ಎರಡು ಸಲ ಓದಿದೆ.

ಅಮೀರ್ ಸಾಬರು ಕೆಮ್ಮಿದರು. "ಶಾಮೀದ, ನಮ್ಮದೂ ತಪ್ಪಾತು. ತ್ವಾಟ ನಿಂದ ಅದ, ನಾಳಿಂದ ಬಾ."

ಕಾಕಾ ಅವರ ಕಡೆ ನೋಡಲೇ ಇಲ್ಲ. ನನ್ನನ್ನು ಕೇಳಿದರು. "ಆ ಇಪ್ಪತ್ತಾರು ಸಸಿ ಹ್ಯಾಂಗ ಅದಾವ?"

"ನಿಮ್ಮನ್ನ ಮತ್ತ ಕೆಲಸಕ್ಕ ತಗೋಳಾಂಗಿಲ್ಲ ಅಂದಾರ ಕಾಕಾ, ನಾ ಬಾಳ..."

"ಕೆಲಸದ ಮಾತು ಬಿಡು. ಸಸಿ ಹ್ಯಾಂಗ ಅದಾವ?"

"ಸಾಕ್ಷಿಗಂತ ಕಿತ್ತಿದೆ. ಒಣಗಿದ್ವು."

ಅವರು ಕಟ್ಟೆಯ ಕಲ್ಲಿನ ಮೇಲೆ ಕೂತರು. "ನನ್ನ ತಗದ್ರಿ, ಆತು, ನಾ ಮನಷ್ಯಾ," ಎಂದರು. "ಅವ್ನ ಯಾಕ ಕಿತ್ತಿ? ಅವೇನ್ ಮಾಡಿದ್ದುವು?"

ತಪ್ಪಾಯಿತು ಎಂದೆ. ಎರಡು ಸಲ ಎಂದೆ. ಆಗಲಿ ಎನ್ನಲಿಲ್ಲ, ಹೋಗಲಿ ಎನ್ನಲಿಲ್ಲ. ಎದ್ದು ತೋಟದ ಕಡೆ ನಡೆದರು. ಬೇಲಿಯ ಬಳಿ ಒಂದು ಗಳಿಗೆ ನಿಂತು ಒಳಗೆ ಹೋದರು. ಮುನವ್ವರ್ ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಸ್ಸಿಗೆ ಕಾಯುತ್ತ ಕೂತಿದ್ದಾಗ ಟವೆಲಿನಲ್ಲಿ ದೊಡ್ಡ ಗಂಟು ಕಟ್ಟಿಕೊಂಡು ಬಂದರು. ಮಣ್ಣು ಇನ್ನೂ ತಂಪಿತ್ತು, ನಿಂಬೆಯ ಬೇರಿನ ವಾಸನೆ. ನಾನು ಎದ್ದು ಎರಡೂ ಕೈ ಒಡ್ಡಿದೆ. ಅವರು ನನ್ನನ್ನು ದಾಟಿ ಹೋಗಿ ಗಂಟನ್ನು ಅವ್ವನ ಉಡಿಗೆ ಹಾಕಿದರು.

"ಒಂದೊಂದಕ್ಕ ಒಂದು ಹಿಡಿ. ಬಿಸಲಾಗ ಇಡಬ್ಯಾಡ್ರಿ ದುರುಗವ್ವ," ಎಂದಷ್ಟೇ ಹೇಳಿ ಹೋದರು.

ದಾರಿಯುದ್ದಕ್ಕೂ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ನಾನು ಹಿಡಿದುಕೊಳ್ಳಲೇ ಎಂದು ಕೇಳಲಿಲ್ಲ.

೧೬ ಜೂನ್, ಭಾನುವಾರ

ಕುಂಠಿತ ಸಸಿಗಳನ್ನು ನಾಳೆ ತಿಪ್ಪೆಗೆ ಹಾಕಲು ಸಾಹೇಬರು ಹೇಳಿದ್ದಾರೆ. ಒಂದಷ್ಟನ್ನು ಉಳಿಸಿಕೊಡು ಎಂದು ಮೀರಾಹುಸೇನನನ್ನು ಕೇಳಿಕೊಂಡೆ. "ಬದುಕಿದವ್ನ ನಾ ನೋಡ್ಕೋತೀನ್ರಿ, ಗೋಡಿ ಹಿಂದ ಇಟ್ಟು ಹೋಗ್ರಿ" ಎಂದ. ಒಂದೂವರೆ ತಿಂಗಳಿನಿಂದ ಮನೆಯ ನೆರಳಿನಲ್ಲಿ ಹಸಿ ಗೋಣಿ ಹೊದಿಸಿಟ್ಟಿದ್ದ ಮಣ್ಣನ್ನು ತೆಗೆದುಕೊಂಡು ಬೆಳಿಗ್ಗೆಯೇ ಅವ್ವನ ಜೊತೆ ಹೋದೆ. ನಾನು ಬೆರಳಿನಿಂದ ಬೇರಿನ ಪಕ್ಕ ಗುಳಿ ತೋಡುವುದು, ಅವ್ವ ಉಡಿಯಿಂದ ಒಂದು ಹಿಡಿ ಹಾಕುವುದು. ಪ್ರತಿಯೊಂದಕ್ಕೂ ಏನೋ ಗೊಣಗುತ್ತಿದ್ದಳು, ಮಗಳಿಗೆ ಬುದ್ಧಿ ಹೇಳುವ ಹಾಗೆ.

ಮಣ್ಣು ನೂರ ನಲವತ್ತು ಸಸಿಗಳಿಗೆ ಸಾಲಿತು. ಉಳಿದವಕ್ಕೆ ಇಲ್ಲ. ಇನ್ನೊಂದು ಗಂಟು ಕೊಡಿ ಎಂದು ಕೇಳಲು ನನಗೆ ಮುಖವಿಲ್ಲ. ಈ ನೂರ ನಲವತ್ತೂ ಬದುಕುತ್ತವೆಯೋ ಇಲ್ಲವೋ, ನೋಡಲು ನಾನು ಇರುವುದಿಲ್ಲ. ಕಾಕಾ ಅಮೀರ್ ಸಾಬರ ತೋಟಕ್ಕೆ ಹೋಗುತ್ತಿದ್ದಾರಂತೆ. ಚೀಲ ಹೊರುವುದನ್ನೂ ಬಿಟ್ಟಿಲ್ಲವಂತೆ.

ಮನೆಗೆ ಬಂದ ಕೂಡಲೇ ಅವ್ವ ಕೊಟ್ಟ ರೊಟ್ಟಿ ತಿಂದೆ, ಬಹಳ ಹಸಿವಾಗಿತ್ತು. ಹಾಗೇ ಬರೆಯಲು ಕೂತೆ. ನೋಟ್‌ಬುಕ್ಕು ಹಿಡಿದಲ್ಲಿ ಹೆಬ್ಬೆಟ್ಟಿನ ಮಣ್ಣು ಪುಟಕ್ಕೆ ಹತ್ತಿದೆ. ಟ್ರಂಕು ಕಟ್ಟುವುದಿದೆ, ನಾಳೆ ಆರು ಗಂಟೆಗೇ ಮಾನ್ವಿ ಬಸ್ಸು.